ತವರು ವಿಮಾನ ಹತ್ತಿದ್ದು

ಮಸ್ಕತ್
೯ ಜುಲೈ ೧೯೯೪

ಅವ್ವನಿಗೆ ಸರಿತಾ ಮಾಡುವ ನಮಸ್ಕಾರ.

ಇದನ್ನು ಒಡೆಯುವಾಗ ನೀನು ಒಲೆಯ ಹತ್ತಿರ ಕೂತಿರಬಾರದು ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೇನೆ. ಹಿಂದೆ ಬರೆದ ಕಾಗದಗಳೆಲ್ಲ ಒಲೆಗೇ ಹೋದವಂತೆ, ಮುನಿರಾಜ್ ಚಿಕ್ಕಪ್ಪ ಫೋನಿನಲ್ಲಿ ಹೇಳಿದರು. ಅವೆಲ್ಲ ಅಪ್ಪನ ಹೆಸರಿಗೆ ತಮಿಳಿನಲ್ಲಿ ಬರೆದವು. ಇದನ್ನು ನಿನ್ನ ಹೆಸರಿಗೇ, ಕನ್ನಡದಲ್ಲಿ ಬರೆದಿದ್ದೇನೆ. ಮಾರಂಡಹಳ್ಳಿ ಸ್ಕೂಲಿನಲ್ಲಿ ನನಗೆ ಕಲಿಸಿದ್ದು ತಮಿಳು. ಈ ಅಕ್ಷರಗಳನ್ನು ಮೊರದಲ್ಲಿ ರಾಗಿ ಹಿಟ್ಟು ಹರಡಿ, ಬೆರಳು ಹಿಡಿದು ತಿದ್ದಿಸಿದವಳು ನೀನು. ತಪ್ಪು ಕಂಡರೆ ಗುರುಗಳದೇ ತಪ್ಪು.

ನನಗೀಗ ಐದು ತಿಂಗಳು. ಹಿಂದೆ ಎರಡು ಸಲ ನಿಲ್ಲಲಿಲ್ಲ. ನಿನಗೆ ಹೇಳಿರಲಿಲ್ಲ, ಹೇಗೆ ಹೇಳಲಿ? ಈ ಸಲ ನಿಲ್ಲುತ್ತದೆ ಎನ್ನುತ್ತಾರೆ ಡಾಕ್ಟರು. ಆದರೆ ವಿಮಾನ ಹತ್ತಬಾರದು, ಭಾರ ಎತ್ತಬಾರದು ಎಂದು ಕಟ್ಟಪ್ಪಣೆ. ದೀಪಾವಳಿಯ ಆಸುಪಾಸಿನಲ್ಲಿ ದಿನ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆ ತವರಿನಲ್ಲಿ ಅನ್ನುತ್ತಾರೆ. ನನ್ನ ಪಾಲಿಗೆ ತವರಿಗೆ ಬರುವ ದಾರಿಯೇ ಮುಚ್ಚಿದೆ.

ನಾನು ನರ್ಸು, ಎಷ್ಟೋ ಹೆರಿಗೆ ನೋಡಿದ್ದೇನೆ. ಆದರೂ ಒಂದೇ ಕನಸು ಬೀಳುತ್ತದೆ ಅವ್ವ. ನಮ್ಮ ಹಿತ್ತಲ ಬಚ್ಚಲಿನಲ್ಲಿ ಕೂತಿದ್ದೇನೆ. ನೀನು ಹಿಂದೆ ನಿಂತು ಹಂಡೆಯಿಂದ ಬಿಸಿನೀರು ಮೊಗೆದು ಬೆನ್ನಿಗೆ ಹೊಯ್ಯುತ್ತೀಯ. ತಿರುಗಿದರೆ ಬರೀ ಹಬೆ. ನೀರು ಮಾತ್ರ ಬೀಳುತ್ತಲೇ ಇರುತ್ತದೆ.

ನಮ್ಮ ಮನೆಯವರು ಚೆನ್ನಾಗಿದ್ದಾರೆ. ಇಲ್ಲಿ ಬಟ್ಟೆ ಅಂಗಡಿಯಲ್ಲಿದ್ದಾರೆ. ಸೇಲಂನಲ್ಲಿ ಮಾವ ಇನ್ನೂ ಮಗ್ಗದ ಗುಂಡಿಗೆ ಇಳಿದು ನೇಯುತ್ತಾರೆ. ಹೆಣ್ಣು ಕೇಳಲು ಬಂದ ದಿನ ಮಾವ ನಮ್ಮ ಜಗಲಿಯ ಮೇಲೆ ಎಲೆ ಅಡಿಕೆ ಇಟ್ಟ ಹಿತ್ತಾಳೆ ತಟ್ಟೆ ಏನಾಯಿತು ಎಂದು ಆಗಾಗ ಯೋಚಿಸುತ್ತೇನೆ. ಹೆಣ್ಣಿಗಾಗಿ ಇಟ್ಟ ತಟ್ಟೆಯನ್ನು ಇಟ್ಟವರು ವಾಪಸು ಎತ್ತಬಾರದು ಎನ್ನುವುದು ಅವರ ಕಡೆಯ ಶಾಸ್ತ್ರ. ನೀನು ಮುಟ್ಟಲಿಲ್ಲ, ಅವರು ಎತ್ತಲಿಲ್ಲ.

ಬಾ ಎಂದು ಬರೆಯಲು ಧೈರ್ಯವಿಲ್ಲ. ಅದೊಂದನ್ನು ಬರೆಯದೆ ಬಿಟ್ಟಿದ್ದೇನೆ ಎಂದು ತಿಳಿದುಕೋ.

ನಿನ್ನ ಮಗಳು,
ಸರಿತಾ


ಮಾರಂಡಹಳ್ಳಿ
೨ ಆಗಸ್ಟ್ ೧೯೯೪

ಸರಿತಾಳಿಗೆ,

ಕಾಗದ ಬಂದಾಗ ಒಲೆಯ ಮುಂದೆಯೇ ಕೂತಿದ್ದೆ. ಒಲೆ ಆರಿತ್ತು, ಅದಕ್ಕೆ ಉಳಿಯಿತು.

ಎಲೆ ಅಡಿಕೆ ಹಾಕಿಕೊಂಡು ಎರಡು ಸಲ ಓದಿದೆ. ಎರಡು ಸಲ ನಿಲ್ಲಲಿಲ್ಲ ಅಂತ ಎಷ್ಟು ಸುಲಭವಾಗಿ ಬರೆದುಬಿಟ್ಟಿದ್ದೀಯ, ಬಸ್ಸು ನಿಲ್ಲಲಿಲ್ಲ ಅನ್ನುವ ಹಾಗೆ. ಹೇಗೆ ಹೇಳಲಿ ಅಂತ ನನ್ನನ್ನೇ ಕೇಳುತ್ತೀಯ. ಬಾಯಿಂದ ಹೇಳಬೇಕು, ಇನ್ನು ಹೇಗೆ? ನಾನು ಕೋಪ ಮಾಡಿಕೊಂಡಿದ್ದು ನಿನ್ನ ಮದುವೆಯ ಮೇಲೆ, ನಿನ್ನ ಹೊಟ್ಟೆಯ ಮೇಲಲ್ಲ.

ನಿಮ್ಮಪ್ಪನ ಕಳ್ಳಾಟ ಕೇಳು. ಹೋದ ವರ್ಷ ರೇಷನ್ ಕಾರ್ಡಿಗೆ ಫೋಟೋ ಬೇಕು ಅಂತ ನನ್ನನ್ನು ಪಾಲಕೋಡಿಗೆ ಕರೆದುಕೊಂಡು ಹೋದರು. ಆಮೇಲೆ ಒಬ್ಬ ಪೊಲೀಸಿನವನು ಮನೆಗೆ ಬಂದು ನನ್ನ ಹೆಸರು, ಹುಟ್ಟಿದ ಊರು ಎಲ್ಲ ಕೇಳಿದ. ರೇಷನ್ ಅಕ್ಕಿಗೆ ಪೊಲೀಸು ಯಾಕೆ ಬರುತ್ತಾನೆ? ನಾನು ಬಾಯಿ ಬಿಡಲಿಲ್ಲ. ಅದೆಲ್ಲ ನನ್ನ ಪಾಸ್‌ಪೋರ್ಟಿಗೆ. ಈಗ ಅದು ಅವರ ಟ್ರಂಕಿನಲ್ಲಿ ಪಂಚೆಯ ಕೆಳಗಿದೆ. ನನಗೆ ಗೊತ್ತಿಲ್ಲ ಅಂತ ಅವರು ತಿಳಿದಿದ್ದಾರೆ. ತಿಳಿದಿರಲಿ.

ಟೊಮೇಟೊ ಕಾಯಿ ಕಚ್ಚಿದೆ. ನನ್ನ ಕೆಮ್ಮು ಹಾಗೆಯೇ ಇದೆ. ಇಷ್ಟು ವರ್ಷ ಒಲೆಯ ಹೊಗೆ ಕುಡಿದ ಎದೆ, ಸುಮ್ಮನೆ ಇರು ಅಂದರೆ ಇದ್ದೀತೇ. ಬಾಯಲ್ಲಿ ಒಂದೆಲೆ ಇದ್ದರೆ ತಣ್ಣಗಿರುತ್ತದೆ. ನೆರೆಮನೆ ಕುಪ್ಪಮ್ಮ ನಿನ್ನ ಸುದ್ದಿ ಕೇಳಿ, "ಮಗಳು ಬರಾಕಾಗಲ್ಲ ಅಂದ್ರೆ ತವರೇ ಓಗ್ಬೇಕು ಕಣಕ್ಕಾ. ಅದರಾಗೇನು ಗೌರವ ಓಯ್ತದೆ?" ಅಂದಳು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಕಾಗದ ಬಂತಲ್ಲ, ಅವಳೂ ಯಾವತ್ತಾದರೂ ಬಂದೇ ಬರುತ್ತಾಳೆ ಅಂತ ನಾನು ಮಾತು ತೇಲಿಸಿದೆ.

ಆ ಮನುಷ್ಯನ ವಿಷಯ ನಾನು ಬರೆಯುವುದಿಲ್ಲ. ತಟ್ಟೆಯ ವಿಷಯವನ್ನೂ ಬರೆಯುವುದಿಲ್ಲ.

ಅಲ್ಲಿ ರಾಗಿ ಹಿಟ್ಟು ಸಿಗುತ್ತದೆಯೇ? ಬಾಣಂತಿಗೆ ಬೇಕಾದ ಓಮ, ಬಜೆ, ಒಣಶುಂಠಿ? ಸುಮ್ಮನೆ ಕೇಳಿದೆ.

ನಿನ್ನವ್ವ,
ಸಿದ್ದಲಕ್ಷ್ಮಮ್ಮ


ಮಸ್ಕತ್
೨೬ ಆಗಸ್ಟ್ ೧೯೯೪

ಅವ್ವ,

ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಉತ್ತರ: ರಾಗಿ ಹಿಟ್ಟು ಸಿಗುವುದಿಲ್ಲ, ಬಜೆ ಸಿಗುವುದಿಲ್ಲ, ಅವ್ವ ಅಂತೂ ಸಿಗುವುದೇ ಇಲ್ಲ. ವೀಸಾದ ಕಾಗದ ಇದರ ಜೊತೆಗಿದೆ. ಅಕ್ಟೋಬರ್ ಮೊದಲ ವಾರಕ್ಕೆ ಟಿಕೆಟ್ಟು. ಚಿಕ್ಕಪ್ಪ ಬೆಂಗಳೂರಿನವರೆಗೆ ಬರುತ್ತಾರೆ. ಬಾಂಬೆಯಲ್ಲಿ ವಿಮಾನ ಬದಲಿಸಬೇಕು. ಹೆದರಬೇಡ, ಕೇರಳದವರು ತುಂಬ ಜನ ಇರುತ್ತಾರೆ, ತಮಿಳಿನಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ.

ಆ ಮನುಷ್ಯನ ವಿಷಯ ನೀನು ಬರೆಯುವುದಿಲ್ಲ, ಸರಿ, ನಾನು ಬರೆಯುತ್ತೇನೆ. ಅಂಗಡಿಯಿಂದ ಬಂದಮೇಲೆ ಚೌಕಳಿ ಕಾಗದ ಹರಡಿಕೊಂಡು ಸೀರೆಯ ಅಂಚಿಗೆ ಹೂವು, ಬಳ್ಳಿ ಇಳಿಸುತ್ತಾರೆ. ಎಲ್ಲಿ ಒಂದು ಬಳ್ಳಿ ಕಂಡರೂ ಒಂದೊಂದು ಎಳೆ ಎಣಿಸಿ ಕಾಗದಕ್ಕೆ ಎತ್ತಿಕೊಳ್ಳುವುದು ಅವರ ಮನೆತನದ ವಾಡಿಕೆ. ಮನೆಯಲ್ಲಿ ಆಡುವುದು ನಮ್ಮ ಹಾಗೆಯೇ ಕನ್ನಡ, ಆದರೆ ಓದಲು ಬರೆಯಲು ಬಾರದು. ನಾನು ನಿನಗೆ ಬರೆಯುವಾಗ ಪಕ್ಕದಲ್ಲಿ ಕೂತು, "ಈ ಸುಳಿ ಅಂಚಿಗೆ ಚೆನ್ನಾಗಿರ್ತದಲ್ಲ, ಏನಂತ ಐತೆ ಇದರಾಗೆ?" ಎಂದು ಕೇಳುತ್ತಾರೆ. ನಾನು ಹೇಳುವುದಿಲ್ಲ.

ದಿನ ನೋಡುತ್ತಿರುವ,
ಸರಿತಾ


ಮಾರಂಡಹಳ್ಳಿ
೨೮ ಸೆಪ್ಟೆಂಬರ್ ೧೯೯೪

ಸರಿತಾ,

ನೋಡಿದೆಯಾ, ನಾನು ಮನೆ ಬಿಡುತ್ತೇನೆ ಅಂದ ಕೂಡಲೇ ದೇಶಕ್ಕೆ ಪ್ಲೇಗು ಬಂತು. ಸೂರತ್ತಿನಲ್ಲಿ ಜನ ಊರು ಬಿಟ್ಟು ಓಡುತ್ತಿದ್ದಾರೆ ಅಂತ ರೇಡಿಯೋದಲ್ಲಿ ಅದೊಂದೇ ಸುದ್ದಿ. ನಿಮ್ಮ ಕಡೆಯ ದೇಶಗಳು ನಮ್ಮ ವಿಮಾನಗಳನ್ನು ಬಿಟ್ಟುಕೊಳ್ಳುವುದಿಲ್ಲವಂತೆ. ಮುನಿರಾಜ ಧರ್ಮಪುರಿಯಿಂದ ಬಂದು, "ಟಿಕೆಟ್ಟು ಕ್ಯಾನ್ಸಲ್ ಆಗೋಯ್ತು ಅತ್ತಿಗೆ. ಪ್ಲೇಗಿನ ಮಾತ್ರೇನೂ ಒಂದು ಅಂಗಡೀಲೂ ಇಲ್ಲ, ಎಲ್ಲಾ ತೀರ್ನ್‌ದು ಪೋಚ್ಚು ಅಂತವ್ರೆ" ಅಂದ. ಅಂಗಡಿಯವನ ಮಾತನ್ನು ಅವನದೇ ತಮಿಳಿನಲ್ಲಿ ಹೇಳದಿದ್ದರೆ ಇವನಿಗೆ ಸಮಾಧಾನವಿಲ್ಲ.

ಊರಿನಲ್ಲಿ ಹೆಗ್ಗಣ ಕಂಡರೆ ಸಾಕು, ಎಲ್ಲರೂ ದೊಣ್ಣೆ ಹಿಡಿದು ಓಡುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವ ಗಾದೆಯನ್ನು ಈಗ ಯಾರೂ ಬಾಯಿಗೆ ತರುವುದಿಲ್ಲ. ಕುಪ್ಪಮ್ಮ ತನ್ನ ಮಾತನ್ನು ತಿರುಗಿಸಿದ್ದಾಳೆ. "ಓಗ್ಬೇಡ ಕಣಕ್ಕಾ, ಬಾಂಬೆ ಗಾಳಿ ಕುಡಿದ್ರೆ ಮುಗೀತು" ಅನ್ನುತ್ತಾಳೆ. ನಿಮ್ಮಪ್ಪ ಟ್ರಂಕಿನಿಂದ ಪಾಸ್‌ಪೋರ್ಟು ತೆಗೆದು ದೇವರ ಗೂಡಿನಲ್ಲಿ ಇಟ್ಟಿದ್ದಾರೆ, ಅಷ್ಟೇ.

ನಿನಗೆ ಹೇಳಿದ್ದೆನೋ ಇಲ್ಲವೋ, ನನ್ನ ಅವ್ವ ಹುಟ್ಟಿದ್ದೇ ಪ್ಲೇಗಿನ ಗುಡಿಸಲಿನಲ್ಲಿ. ಆಗೆಲ್ಲ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಮನೆ ಬಿಟ್ಟು, ಹೊಲದಲ್ಲಿ ಸೋಗೆ ಹೊದಿಸಿಕೊಂಡು ಇರುತ್ತಿತ್ತು. ಹೆರಿಗೆಗೆ ಅಂತ ಅವ್ವನ ಅಜ್ಜಿ ಬೇರೆ ಊರಿನಿಂದ ನಡೆದು ಬಂದಳು. ಅವಳ ಊರಿನಲ್ಲೂ ಇಲಿ ಬಿದ್ದಿತ್ತು. ಒಳಗೆ ಬರಬಾರದು ಅಂತ ಊರಿನವರು ತಡೆದರು. ಆಕೆ ಜಗಳ ಆಡಲಿಲ್ಲ, ವಾಪಸೂ ಹೋಗಲಿಲ್ಲ. ಹೊಲದ ಬದುವಿನ ಮೇಲೆ ಕೂತು, ಹೀಗೆ ಉಸಿರು ಬಿಡು, ಹಾಗೆ ಕಾಲು ಊರು ಅಂತ ಅಲ್ಲಿಂದಲೇ ಕೂಗಿ ಹೇಳುತ್ತಿದ್ದಳಂತೆ. ಹೊತ್ತು ಹುಟ್ಟುವಾಗ ನನ್ನ ಅವ್ವ ಹುಟ್ಟಿದಳು. ಈಚೆಗೆ ಆ ಬದು ನನ್ನ ಕನಸಿನಲ್ಲಿ ಬರುತ್ತದೆ. ಮೇಲೆ ಯಾರೋ ಕೂತಿರುತ್ತಾರೆ, ಮುಖ ಕಾಣದು. ಸುತ್ತ ರಾಗಿ ತೆನೆ ತೂಗುತ್ತಿರುತ್ತದೆ.

ವಿಮಾನ ಬಿಟ್ಟ ದಿನ ನಾನು ಹತ್ತುತ್ತೇನೆ. ಆದರೆ ಈ ಕೆಮ್ಮು. ಕೆಮ್ಮುವವರನ್ನೆಲ್ಲ ಇಳಿಸಿಬಿಡುತ್ತಾರಂತೆ. ಅತ್ತ ದರಿ, ಇತ್ತ ಪುಲಿ. ಏನು ಮಾಡಲಿ, ನೀನು ನರ್ಸಲ್ಲವೇ, ಹೇಳು.

ನಿನ್ನವ್ವ,
ಸಿದ್ದಲಕ್ಷ್ಮಮ್ಮ


ಮಸ್ಕತ್
೮ ಅಕ್ಟೋಬರ್ ೧೯೯೪

ಅವ್ವ,

ಅಂಚೆಯೂ ನಿಂತಿದೆ, ನಿನ್ನ ಕಾಗದವನ್ನು ಚಿಕ್ಕಪ್ಪ ಫೋನಿನಲ್ಲಿ ಓದಿ ಹೇಳಿದರು. ಇದನ್ನು ಜೊತೆಯ ಸಿಸ್ಟರ್‌ನ ಅಣ್ಣ ಕೊಲಂಬೋ ಸುತ್ತಿಕೊಂಡು ತರುತ್ತಿದ್ದಾರೆ. ವಿಮಾನ ಮತ್ತೆ ಬಿಡುವ ಸೂಚನೆಯಿದೆ. ಬಿಟ್ಟರೆ ಇಪ್ಪತ್ತೆರಡಕ್ಕೆ ನಿನ್ನ ಟಿಕೆಟ್ಟು. ಈಗ ನಾನು ಮಗಳಲ್ಲ, ನರ್ಸು. ಹೇಳಿದಂತೆ ಕೇಳಬೇಕು.

ಹೊರಡುವ ದಿನ ಮೈ ಬಿಸಿ ಇದ್ದರೆ ಹೊರಡಬೇಡ. ನನ್ನ ಮೇಲಾಣೆ. ಊರಿನ ಡಾಕ್ಟರಿಂದ ಈ ಕೆಮ್ಮು ಹಳೆಯದು ಎಂದು ಚೀಟಿ ಬರೆಸಿಕೋ. ಮಾತ್ರೆಯನ್ನು ಯಾರೋ ಕೊಟ್ಟರು ಎಂದು ನುಂಗಬೇಡ. ಕಾಯಿಸಿ ಆರಿಸಿದ ಜೀರಿಗೆ ನೀರು ಜೊತೆಗಿರಲಿ, ಏರ್‌ಪೋರ್ಟಿನ ನಲ್ಲಿಗೆ ಬಾಯಿ ಹಚ್ಚಬೇಡ. ಹೊಟ್ಟೆ ಖಾಲಿ ಬಿಡಬೇಡ. ತಿನ್ನುವ ಮೊದಲು ಸೋಪು ಹಾಕಿ ಕೈ ತೊಳೆ. ಸೆರಗಿಗೆ ಒರೆಸಿಕೊಂಡರೆ ಅದು ತೊಳೆದ ಹಾಗಲ್ಲ. ಕಂಬಿ, ಬಾಗಿಲು ಮುಟ್ಟಿದ ಕೈಯನ್ನು ಕಣ್ಣು ಮೂಗಿಗೆ ತರಬೇಡ. ಕೆಮ್ಮುವವರ ಪಕ್ಕದಲ್ಲಿ ಜಾಗವಿದ್ದರೂ ಕೂರಬೇಡ, ಕಾಲು ನೋಯಲಿ, ನಿಂತುಕೋ. ಅವರಿಗೆ ಬೇಜಾರಾಗುತ್ತದೆ ಎಂದು ದಾಕ್ಷಿಣ್ಯಕ್ಕೆ ಬೀಳುವವಳು ನೀನು, ಅದಕ್ಕೇ ಬರೆದೆ.

ಮುಖ್ಯವಾದದ್ದು. ಬಿಳಿ ಕರ್ಚೀಪು ಒಂದಷ್ಟು ತೆಗೆದುಕೋ. ಒಂದನ್ನು ಮೂಗು ಬಾಯಿಗೆ ಕಟ್ಟು. ಕೆಮ್ಮು ಬಂದರೆ ಕರ್ಚೀಪಿನೊಳಗೇ ಕೆಮ್ಮು. ಉಗುಳು ಬಂದರೆ ನೆಲಕ್ಕಾಗಲೀ ಕುಂಡಕ್ಕಾಗಲೀ ಉಗುಳಬೇಡ, ಕರ್ಚೀಪಿನಲ್ಲಿ ಉಗುಳಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟು. ಬಿಳಿಯದೇ ಇರಲಿ, ಕೊಳೆಯಾದದ್ದು ಕಣ್ಣಿಗೆ ಕಾಣುತ್ತದೆ.

ಕಾಲು ಊದಿದೆ, ರಕ್ತದೊತ್ತಡ ಏರಿದೆ. ನಮ್ಮ ಆಸ್ಪತ್ರೆಯಲ್ಲೇ ಸೇರಿಕೋ ಎಂದಿದ್ದಾರೆ. ಎಷ್ಟೋ ಜನರ ಕೈ ಹಿಡಿದು ಏನೂ ಆಗಲ್ಲ ಎಂದಿದ್ದೇನೆ ಅವ್ವ. ನನಗೆ ಹಾಗೆ ಹೇಳಲು ನೀನೇ ಬೇಕು.

ಸರಿತಾ


ಬಾಂಬೆ ಏರ್‌ಪೋರ್ಟು
೨೨ ಅಕ್ಟೋಬರ್ ೧೯೯೪

ಸರಿತಾ,

ಈ ಕಾಗದ ಅಂಚೆಗಲ್ಲ, ನಿನ್ನ ಕೈಗೇ ಕೊಡುತ್ತೇನೆ. ಸುಮ್ಮನೆ ಕೂತರೆ ಕೆಮ್ಮು ನೆನಪಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಹಗಲು ಯಾವುದು, ಇರುಳು ಯಾವುದು ತಿಳಿಯುವುದಿಲ್ಲ. ಮೇಲಿನಿಂದ ಬಿಳಿ ಬೆಳಕು ಬೀಳುತ್ತದೆ, ಯಾರಿಗೂ ನೆರಳೇ ಇಲ್ಲ. ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಾರೆ, ರಾಗಿ ಒಕ್ಕಣೆಗೆ ಕಣದಲ್ಲಿ ನಿಂತವರ ಹಾಗೆ. ಮುಖವಿಲ್ಲ, ಬರೀ ಕಣ್ಣು. ಎಲ್ಲೋ ಒಬ್ಬ ಹೆಂಗಸು ಮೆತ್ತಗೆ ಏನೋ ಹೇಳುತ್ತಾಳೆ. ಆಕೆ ಎಲ್ಲಿ ಕೂತಿದ್ದಾಳೆ ಅಂತ ಎಷ್ಟು ಹುಡುಕಿದರೂ ಕಾಣಲಿಲ್ಲ. ಅವಳು ಹೇಳಿದ ಕೂಡಲೇ ಜನ ಎದ್ದು ಹೋಗುತ್ತಾರೆ. ಬಾಗಿಲು ತಾನಾಗಿ ತೆರೆಯಿತು, ನಾನು ಮುಟ್ಟಲೇ ಇಲ್ಲ. ಮುಟ್ಟಬೇಡ ಅಂತ ನೀನು ಬರೆದದ್ದು ಬಾಗಿಲಿಗೂ ಗೊತ್ತಾಗಿದೆ ಅಂದುಕೊಂಡೆ.

ನೀನು ಹೇಳಿದ್ದೆಲ್ಲ ಮಾಡಿದ್ದೇನೆ. ಜೀರಿಗೆ ನೀರು ಇನ್ನೂ ಅರ್ಧ ಇದೆ. ಸೋಪು ಹಾಕಿ ಕೈ ತೊಳೆದೆ. ಪಕ್ಕದಲ್ಲಿ ಕೂತಿದ್ದ ಒಬ್ಬರು ಕೆಮ್ಮಿದರು, ಕೂಡಲೇ ಎದ್ದು ನಿಂತೆ. ಅವರು ನನ್ನನ್ನು ನೋಡಿದರು. ಸ್ವಲ್ಪ ಹೊತ್ತಿಗೆ ಇಬ್ಬರು ಬಂದು ಅವರನ್ನು ಕರೆದುಕೊಂಡು ಹೋದರು. ಅವರ ಚೀಲ ಅಲ್ಲೇ ಉಳಿಯಿತು, ಯಾರೂ ಅದರ ಕಡೆ ತಿರುಗಲಿಲ್ಲ. ಆಗ ನನಗೆ ಭಯವಾಯಿತು. ಸಾಯುವ ಭಯ ಅಲ್ಲ. ನನ್ನನ್ನೂ ಹಾಗೆ ಕರೆದುಕೊಂಡು ಹೋದರೆ ನೀನು ಅಲ್ಲಿ ಬಾಗಿಲು ನೋಡುತ್ತಾ ಮಲಗಿರುತ್ತೀಯಲ್ಲ ಅಂತ.

ಅದಕ್ಕೆ ಕೆಮ್ಮನ್ನು ಮೇಲೆ ಬರಲು ಬಿಟ್ಟಿಲ್ಲ. ಬೆಂಗಳೂರಿನಿಂದ ಇಲ್ಲಿಯವರೆಗೆ ಬಾಯಲ್ಲಿ ಒಂದಾದ ಮೇಲೊಂದು ಎಲೆ ಇಟ್ಟುಕೊಂಡೇ ಬಂದಿದ್ದೇನೆ. ಎಲ್ಲೂ ಉಗುಳಿಲ್ಲ, ನಿನ್ನಾಣೆ. ಎಲ್ಲಾ ಕರ್ಚೀಪಿನಲ್ಲೇ. ಕವರು ತುಂಬುತ್ತಾ ಬಂದಿದೆ.

ಈಗ ಕಣ್ಣು ಎಳೆಯುತ್ತಿದೆ. ಗಾಜಿನಾಚೆ ವಿಮಾನಗಳು ಕೆರೆ ದಡದಲ್ಲಿ ಮಲಗಿದ ಎಮ್ಮೆಗಳ ಹಾಗೆ ಸುಮ್ಮನಿವೆ. ಅರೆನಿದ್ದೆಯಲ್ಲಿ ಆ ಬದು ಮತ್ತೆ ಬಂತು. ಈ ಸಲ ಅದರ ಮೇಲೆ ಕೂತಿದ್ದವಳು ನಾನೇ. ಕಾಲು ತಣ್ಣಗಾಗಿತ್ತು. ಕೇರಳದ ಹೆಂಗಸೊಬ್ಬಳು ಭುಜ ಅಲ್ಲಾಡಿಸಿ, "ಅಮ್ಮಾ, ವಾಂಗೋ, ಮಸ್ಕತ್ ಕೂಪ್ಪಿಡರಾಂಗ" ಅನ್ನುತ್ತಿದ್ದಾಳೆ. ವಿಮಾನಕ್ಕೆ ಕರೆಯುತ್ತಿದ್ದಾರಂತೆ, ಹೊರಟೆ.

ಅವ್ವ


ನಿನ್ನ ಆಸ್ಪತ್ರೆಯ ಕೆಳಗಿನ ಕೋಣೆ
೨೪ ಅಕ್ಟೋಬರ್ ೧೯೯೪

ಸರಿತಾ,

ಕೈಬರಹ ನನ್ನದಲ್ಲ ಅಂತ ಗಾಬರಿಯಾಗಬೇಡ. ಈ ಕೋಣೆಯಿಂದ ಒಂದು ಚೂರು ಕಾಗದವೂ ಹೊರಗೆ ಹೋಗಬಾರದಂತೆ. ನಾನು ಬರೆದು ಗಾಜಿಗೆ ಹಿಡಿಯುತ್ತೇನೆ, ಆಚೆ ನಿಂತು ನಿನ್ನ ಮನೆಯವನು ನೋಡಿಕೊಂಡು ಎತ್ತಿ ಬರೆಯುತ್ತಾನೆ.

ಆದದ್ದು ಇದು. ಇಳಿದ ಕೂಡಲೇ ಸಾಲು ನಿಲ್ಲಿಸಿದರು. ಕಂಕುಳಲ್ಲಿ ಕಡ್ಡಿ ಇಟ್ಟರು. ಡಾಕ್ಟರು ಏನೋ ಕೇಳಿದರು, ಕೇರಳದ ನರ್ಸು ಅದನ್ನು ತಮಿಳು ಮಾಡಿ, ಕೆಮ್ಮು ಇದೆಯಾ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಇಲ್ಲ ಅಂತ ಹೇಳುತ್ತಲೇ ಚೀಲವನ್ನು ಎದೆಗೆ ಅವುಚಿಕೊಂಡೆ. ಡಾಕ್ಟರು ಚೀಲ ಬಿಚ್ಚಿಸಿದರು. ಕವರು ಹೊರಗೆ ಬಂತು. ಒಳಗೆ ಬಿಳಿ ಕರ್ಚೀಪುಗಳು, ಎಲ್ಲ ಕೆಂಪು.

ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಹಿಂದೆ ಸರಿದರು. ಯಾರೋ ಹೆಂಗಸು ಕೂಸನ್ನು ಎತ್ತಿಕೊಂಡು ಓಡಿದಳು. ಈ ರೋಗದಲ್ಲಿ ರಕ್ತ ಕೆಮ್ಮುತ್ತಾರಂತೆ, ನನಗೇನು ಗೊತ್ತು. ನಾನು ಎಲೆಪೆಟ್ಟಿಗೆ ತೆಗೆದು, "ಇದು ಸಾರ್, ಇದು" ಅಂತ ಆ ಡಾಕ್ಟರಿಗೂ ಒಂದೆಲೆ ಸುಣ್ಣ ಹಚ್ಚಿ ಕೊಡಲು ಹೋದೆ. ನರ್ಸಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರಿಗೂ ಅರ್ಥವಾಯಿತು. ಊರಿನ ಚೀಟಿಯನ್ನೂ ತೋರಿಸಿದೆ. ಆದರೆ ಅಷ್ಟು ಹೊತ್ತು ಹಿಡಿದಿಟ್ಟ ಕೆಮ್ಮು ಆಗಲೇ ಬರಬೇಕೇ. ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಮೈಯೂ ಸ್ವಲ್ಪ ಬಿಸಿ ಇತ್ತು. ಒಂದು ವಾರ ಯಾರನ್ನೂ ಮುಟ್ಟಬಾರದು ಅಂತ ವ್ಯಾನಿನಲ್ಲಿ ಕೂರಿಸಿ ಇಲ್ಲಿಗೆ ತಂದರು. ಎಲೆಪೆಟ್ಟಿಗೆ ಕಿತ್ತುಕೊಂಡರು. ನೀನು ಇದೇ ಕಟ್ಟಡದಲ್ಲಿ ಮೇಲೆ ಮಲಗಿದ್ದೀಯ ಅಂತ ಆಮೇಲೆ ಗೊತ್ತಾಯಿತು. ಕಡಲು ದಾಟಿ ಬಂದವಳಿಗೆ ಒಂದು ಮಹಡಿ ದಾಟಲು ಆಗುತ್ತಿಲ್ಲ.

ಈ ಮನುಷ್ಯ ಮೊದಲು ಬಂದು ನಿಂತಾಗ ನಾನು ಗೋಡೆಯ ಕಡೆ ತಿರುಗಿದೆ. ಗಾಜು ತಟ್ಟಿ, ಆಚೆಯ ಮಾತು ಒಳಗೆ ಕೇಳದ್ದಕ್ಕೆ ನರ್ಸಿನ ಮೂಲಕ, "ಅತ್ತೆ, ಸರಿತಾ ಕಾಗದ ಕೇಳ್ತಾವ್ಳೆ" ಅಂತ ಹೇಳಿ ಕಳಿಸಿದ. ಇವನಿಗೆ ಓದಲು ಬಾರದಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ: ಸಣಕಲು ಮೈ, ತಲೆ ಬಾಚಿಲ್ಲ, ಅಂಗಿಯ ಗುಂಡಿ ಒಂದು ಇಲ್ಲ. ಇಷ್ಟಕ್ಕೆ ನೀನು ನನ್ನನ್ನು ಬಿಟ್ಟು ಬಂದೆಯಾ ಅಂತ ಕೇಳುವವಳಿದ್ದೆ. ಆದರೆ ಇದನ್ನೂ ತಲೆಬಗ್ಗಿಸಿ ಬರೆದುಕೊಳ್ಳುತ್ತಿದ್ದಾನೆ ನೋಡು. ಒಂದು ಒತ್ತು, ಒಂದು ಕೊಂಬು ಬಿಡದೆ, ನಾನು ಹೊಡೆದು ಹಾಕಿದ್ದನ್ನೂ ಸೇರಿಸಿ. ನನಗೆ ಕೈ ನೋಯುತ್ತದೆ. ಅವನಿಗೂ ನೋಯುತ್ತಿರಬೇಕು.

ನಿನ್ನ ಕಾಲಿನ ಊತ ಇಳಿದಿದೆಯಾ, ಬರೆ.

ಅವ್ವ


ಮೇಲಿನ ವಾರ್ಡು
೨೫ ಅಕ್ಟೋಬರ್ ೧೯೯೪

ಅವ್ವ,

ಇದನ್ನು ಅವರು ಗಾಜಿಗೆ ಹಿಡಿದಿರುತ್ತಾರೆ, ನಿಧಾನವಾಗಿ ಓದು.

ತಪ್ಪು ನನ್ನದೇ. ಅಷ್ಟೆಲ್ಲ ಬರೆದವಳು ಎಲೆ ಅಡಿಕೆ ಹಾಕಬೇಡ ಎಂದು ಬರೆಯುವುದನ್ನೇ ಮರೆತೆ. ನೀನು ಎಲೆ ಹಾಕದೆ ಇರುವ ಚಿತ್ರ ನನ್ನ ಮನಸ್ಸಿನಲ್ಲಿ ಇಲ್ಲವೇ ಇಲ್ಲ. ಎಷ್ಟು ನಕ್ಕೆನೆಂದರೆ ಸಿಸ್ಟರ್ ಬಂದು ಬೈದರು. ಆಮೇಲೆ ಅಳುವೂ ಬಂತು.

ನೀನು ಅವರ ಬಗ್ಗೆ ಬರೆದದ್ದನ್ನು ಅವರಿಗೆ ಓದಿ ಹೇಳಿದೆ. ನಗಲಿಲ್ಲ. ನನ್ನ ಬಾಚಣಿಗೆ ಕೇಳಿ ತೆಗೆದುಕೊಂಡರು.

ಊತ ಇಳಿದಿಲ್ಲ. ಇನ್ನೆರಡು ಮೂರು ದಿನದಲ್ಲಿ ನೋವು ಬರಿಸುತ್ತಾರೆ. ನಿನ್ನ ಬಾಗಿಲು ಅಷ್ಟರಲ್ಲಿ ತೆರೆಯುವುದಿಲ್ಲ ಎಂದು ನನಗೆ ಗೊತ್ತು, ನಾನೂ ಇದೇ ಆಸ್ಪತ್ರೆಯವಳಲ್ಲವೇ. ಹಿಂದಿನ ಎರಡು ಸಲವೂ ಇದೇ ಮಂಚದಲ್ಲಿದ್ದೆ. ಭಯವಾಗುತ್ತದೆ ಅವ್ವ. ಅಲ್ಲಿಂದಲೇ ಏನಾದರೂ ಹೇಳು.

ಸರಿತಾ


ಕೆಳಗಿನ ಕೋಣೆ
೨೮ ಅಕ್ಟೋಬರ್ ೧೯೯೪, ಬೆಳಗಿನಿಂದ

ಸರಿತಾ, ನೋವು ಶುರುವಾಯಿತು ಅಂತ ಈಗ ಹೇಳಿ ಕಳಿಸಿದ. ನಾನು ಬದುವಿನ ಮೇಲೆ ಕೂತಿದ್ದೇನೆ. ಎಲ್ಲಿಗೂ ಹೋಗುವುದಿಲ್ಲ. ಹಲ್ಲು ಕಚ್ಚಬೇಡ, ಬಾಯಿ ತೆರೆದು ಉಸಿರು ಬಿಡು.

*

ಬೆನ್ನು ನೋಯುತ್ತದೆ ಅಂದೆಯಂತೆ. ಎಡಕ್ಕೆ ಹೊರಳಿ ಮಲಗು. ಕಣ್ಣು ಮುಚ್ಚಿಕೋ. ಹಿತ್ತಲಲ್ಲಿ ಹಂಡೆ ಕಾದಿದೆ. ನಾನು ಹಿಂದೆ ನಿಂತಿದ್ದೇನೆ, ನೀರು ಹೊಯ್ಯುತ್ತಿದ್ದೇನೆ. ತಿರುಗಿ ನೋಡಬೇಡ. ನೋಡದಿದ್ದರೂ ನಾನು ಇರುತ್ತೇನೆ.

*

ಅಳು ಬಂದರೆ ಅಳು. ನಿನ್ನನ್ನು ಹೆರುವಾಗ ನಾನು ಊರಿಗೆಲ್ಲ ಕೇಳುವ ಹಾಗೆ ನಿಮ್ಮಪ್ಪನನ್ನು ಬೈದೆ. ನೀನೂ ಬೈಯಿ, ಪಾಪ, ಕೈಗೆ ಸಿಗುವ ಹಾಗೇ ಇದ್ದಾನಲ್ಲ.

*

ಏನೂ ಆಗಲ್ಲ. ಏನೂ ಆಗಲ್ಲ. ಏನೂ ಆಗಲ್ಲ ಮಗಳೇ.

*

ಮೆಟ್ಟಿಲು ಹತ್ತಿ ಇಳಿದು ಅವನಿಗೆ ಏದುಸಿರು. ಆದರೂ ಅಕ್ಷರ ಕೆಡಿಸುತ್ತಿಲ್ಲ. ಬೆಳಗಿನಿಂದ ಏನೂ ತಿಂದಿಲ್ಲ ಅಂತ ಕಾಣುತ್ತದೆ. ಅಲ್ಲಿ ಯಾರಿಗಾದರೂ ಹೇಳಿ ಒಂದು ಲೋಟ ನೀರು ಕೊಡಿಸು ಅವನಿಗೆ. ಇದನ್ನು ಅವನೇ ಬರೆದು ತರುತ್ತಾನೆ, ಅವನಿಗೆ ತಿಳಿಯುವುದಿಲ್ಲ, ನೀನೇ ಹೇಳಬೇಕು.


ಮಸ್ಕತ್
೧ ನವೆಂಬರ್ ೧೯೯೪

ಸರಿತಾಳ ಅಪ್ಪ ಮಾದಪ್ಪನವರ ಪಾದಕ್ಕೆ ಸಿದ್ದಲಕ್ಷ್ಮಮ್ಮ ಮಾಡುವ ನಮಸ್ಕಾರ.

ಹೆಣ್ಣು ಕೂಸು ಅಂತ ಫೋನಿನಲ್ಲಿ ಕೇಳಿದ್ದೀರಿ. ನೀವು ಹೂಂ ಅಂದು ಫೋನನ್ನು ಮುನಿರಾಜನ ಕೈಗೆ ಕೊಟ್ಟಿರಂತೆ. ಅಳುತ್ತಿದ್ದಿರಿ ಅಂತ ಅವನು ಹೇಳಿಬಿಟ್ಟಿದ್ದಾನೆ, ಇನ್ನು ಮುಚ್ಚಿಡಬೇಡಿ. ಸರಿತಾ ಚೆನ್ನಾಗಿದ್ದಾಳೆ. ಕೂಸಿಗೆ ನನ್ನ ಅವ್ವನ ಹಣೆ ಇದೆ.

ಕೂಸು ಹುಟ್ಟಿದ್ದು ನನಗೆ ಗೊತ್ತಾದದ್ದು ಹೇಗೆ ಅಂದರೆ, ಸರಿತಾಳ ಮನೆಯವನು ಮೆಟ್ಟಿಲು ಇಳಿದು ಬಂದು ಗಾಜಿನ ಮುಂದೆ ನಿಂತ. ಕೈಯಲ್ಲಿ ಕಾಗದ ಇರಲಿಲ್ಲ. ಎರಡೂ ಅಂಗೈ ಗಾಜಿಗೆ ಒತ್ತಿ ಹಾಗೇ ಅತ್ತ. ನಾನು ಈ ಕಡೆಯಿಂದ ಅಲ್ಲೇ ಕೈ ಇಟ್ಟೆ. ಗಾಜು ತಣ್ಣಗಿತ್ತು.

ನಿನ್ನೆ ಬೆಳಿಗ್ಗೆ ನನ್ನ ಬಾಗಿಲು ತೆರೆದರು. ರೋಗ ಇಲ್ಲ ಅಂತ ಬರೆದುಕೊಟ್ಟರು. ಆಚೆಗೆ ಬಂದರೆ ಅವನು ನಿಂತಿದ್ದ. ತಲೆ ಬಾಚಿಕೊಂಡಿದ್ದ, ಅಂಗಿಗೆ ಗುಂಡಿಯೂ ಇತ್ತು. ಕೈಯಲ್ಲಿ ಆಸ್ಪತ್ರೆಯ ಊಟದ ಸ್ಟೀಲ್ ತಟ್ಟೆ, ಅದರ ಮೇಲೆ ವೀಳ್ಯದೆಲೆ, ಎರಡು ಅಡಿಕೆ. ಈ ಊರಿನಲ್ಲಿ ಎಲೆಗಾಗಿ ಕೇರಳದವರ ಅಂಗಡಿಯನ್ನೆಲ್ಲ ಸುತ್ತಿದನಂತೆ. ಎಲೆ ಬಾಡಿತ್ತು. ಒಂದು ವಾರ ಎಲೆ ಕಾಣದ ನನ್ನ ಬಾಯಿ ತಾನಾಗಿ ಜೊಲ್ಲು ಸುರಿಸಿತು, ಮಾನ ಹೋಯಿತು ಅಂದುಕೊಳ್ಳಿ.

ಅವನು ಏನೂ ಕೇಳಲಿಲ್ಲ. "ಈಸ್ಕೊಳ್ಳಿ ಅತ್ತೆ, ಕೆಮ್ಮಿಗೆ ಆಯ್ತದೆ" ಅಂದ, ಅಷ್ಟೇ. ಕೆಮ್ಮಿನ ನೆಪ ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಸೆರಗು ಹೊದ್ದು, ಎರಡೂ ಕೈ ಚಾಚಿ ಈಸಿಕೊಂಡೆ. ಆಮೇಲೆ ಇಬ್ಬರೂ ಮೇಲೆ ಹೋದೆವು. ಮಗಳು ನನ್ನ ಕೆಂಪು ಬಾಯಿ ನೋಡಿದಳು, ಅವನ ಮುಖ ನೋಡಿದಳು, ಕೂಸನ್ನು ನನ್ನ ಮಡಿಲಿಗೆ ಹಾಕಿದಳು.

ಈಗ ನಿಮಗೊಂದು ಕೆಲಸ. ಈ ಕಾಗದ ಸೇರಿದ ದಿನವೇ ಸೇಲಂ ಬಸ್ಸು ಹತ್ತಿ. ಅಳಿಯಂದಿರ ಮನೆ ಯಾವ ಬೀದಿ ಅಂತ ಮುನಿರಾಜನಿಗೆ ಗೊತ್ತು. ಎಲೆ, ಅಡಿಕೆ, ತೆಂಗಿನಕಾಯಿ, ನಮ್ಮ ಹೊಲದ ಒಂದಷ್ಟು ಟೊಮೇಟೊ ತೆಗೆದುಕೊಂಡು ಹೋಗಿ. ಬೀಗರ ಮಗ್ಗದ ಪಕ್ಕದಲ್ಲಿ ಕೂತು ಒಂದು ಹೊತ್ತು ಉಂಡು ಬನ್ನಿ. ಅವರು ಏನಾದರೂ ಅಂದರೆ ಅನ್ನಿಸಿಕೊಳ್ಳಿ.

ಎಲೆ ಅಡಿಕೆ ಇಡಲು ಅವರದೇ ಹಿತ್ತಾಳೆ ತಟ್ಟೆ ಇರಲಿ. ಅಟ್ಟದ ಮೇಲೆ, ರಾಗಿ ಗುಡಾಣದ ಹಿಂದೆ, ನನ್ನ ಹಳೇ ಸೀರೆಯಲ್ಲಿ ಸುತ್ತಿದೆ. ಹುಣಸೆಹಣ್ಣು ಹಾಕಿ ಉಜ್ಜುತ್ತಾ ಕೂರಬೇಡಿ. ಪ್ರತಿ ಹಬ್ಬಕ್ಕೂ ಇಳಿಸಿ ಉಜ್ಜಿಯೇ ಇಟ್ಟಿದ್ದೇನೆ.

ನಿಮ್ಮ,
ಸಿದ್ದಲಕ್ಷ್ಮಮ್ಮ